ಸ್ನಾನ ಮುಂದೂಡಿದ ಫಿಲ್ಟರ್

ಇಂಜಿನ್, ಬ್ಯಾಟರಿ ಎರಡರಿಂದಲೂ ಓಡುವ ಹೈಬ್ರಿಡ್ ಕಾರೊಂದಕ್ಕೆ ಹೊಸ ಏರ್ ಫಿಲ್ಟರ್ ಬಂತು. ಹಳೆಯ ಕಾಗದದ ಫಿಲ್ಟರ್ ಶೆಡ್ಡಿನ ಕಸದ ಡಬ್ಬಿಗೆ ಹೊರಟಿತ್ತು.

"ಹೋಗಿ ಬಾ ಅಜ್ಜ," ಎಂದಿತು ಹೊಸದು. "ನೀನು ಕಾಗದ, ಒಂದೇ ಸಲಕ್ಕೆ ಮುಗಿದೆ. ನಾನು ಬಟ್ಟೆ. ತೊಳೆದರೆ ಮತ್ತೆ ಹೊಸಬ."

"ತೊಳೆದರೆ," ಎಂದು ಕಾಗದ ಡಬ್ಬಿಗೆ ಬಿತ್ತು.

ವರ್ಷವಾಯಿತು. ಫಿಲ್ಟರಿನ ಮೈತುಂಬ ಧೂಳು ಕೂತು ಇಂಜಿನ್ನಿಗೆ ಉಸಿರು ಕಟ್ಟಿತು.

"ಮಾರಾಯ," ಎಂದಿತು ಇಂಜಿನ್, "ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್ ಓಡ್ತಿದ್ದೆ, ಈಗ ಹದಿನೇಳು. ಸ್ನಾನ ಯಾವಾಗ?"

"ಯಾವಾಗ ಬೇಕಾದರೂ ಮಾಡಬಲ್ಲೆ. ಅದಕ್ಕೇ ಅವಸರವಿಲ್ಲ."

"ಇಬ್ಬರೂ ಸೇರಿ ನನ್ನ ಸೊಂಟ ಮುರಿದಿರಿ," ಎಂದಿತು ಬ್ಯಾಟರಿ. "ಏರು ಕಂಡರೆ ನಾನೇ ತಳ್ಳಬೇಕು. ನನ್ನ ಚಾರ್ಜ್ ಇಳಿದರೆ ತುಂಬಿಸೋಕೆ ಇಂಜಿನ್ನಿಗೆ ಉಸಿರಿಲ್ಲ."

ಆಯುಧಪೂಜೆ ಬಂತು. ಮಾಲೀಕರು ಕಾರು ತೊಳೆದು ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ಬಾನೆಟ್ ತೆರೆಯಲಿಲ್ಲ.

"ನಾನು ಹೊತ್ತಿಕೊಳ್ಳಲೇ?" ಎಂದು ಮೀಟರಿನ ಎಚ್ಚರಿಕೆ ದೀಪ ಕೇಳಿತು. "ಆಗ ನಿನ್ನನ್ನೂ ತೊಳೀತಾರೆ."

"ಹಬ್ಬದ ದಿನ ಮಾನ ಕಳೀಬೇಡ," ಎಂದಿತು ಫಿಲ್ಟರ್. "ಹೊರಗೆ ಪಳಪಳ ಅಂತಿದೆ, ಇವತ್ತಿಗೆ ಸಾಕು."

ಮಂಗಳಾರತಿಯಾಗಿ ಮಾಲೀಕರು ಕಾರು ಹೊರಡಿಸಲು ಕೂತರು. ಬ್ಯಾಟರಿ ಆಗಲೇ ಬರಿದು, ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಚಕ್ರ ಉರುಳಲಿಲ್ಲ, ನಿಂಬೆಹಣ್ಣು ಬದುಕಿಕೊಂಡಿತು.

ಮೆಕ್ಯಾನಿಕ್ ಬಂದು ಫಿಲ್ಟರ್ ಹೊರಗೆಳೆದ. ತೊಳೆಯಲು ಕೊಡವಿದಾಗ ಬಟ್ಟೆ ಧೂಳಿನ ಜೊತೆಗೇ ಹರಿದು ಬಂತು. ಅವನು ಅದನ್ನು ಅದೇ ಡಬ್ಬಿಗೆ ಎಸೆದ. ಆ ಡಬ್ಬಿಯನ್ನು ವರ್ಷದಿಂದ ಯಾರೂ ಖಾಲಿ ಮಾಡಿರಲಿಲ್ಲ.

ಕಾಗದ ಸರಿದು ಜಾಗ ಕೊಟ್ಟಿತು. "ಬಾ ಮರಿ. ಎಷ್ಟು ಸಲ ಹೊಸಬನಾದೆ?"

"ನಾಳೆಯಿಂದ ಶುರು ಮಾಡೋಣ ಅಂತಿದ್ದೆ," ಎಂದಿತು ಫಿಲ್ಟರ್.