ನಿಂಬೆವ್ವ ಕೇಳದ ಕ್ಷಮೆ

ಮಲಪ್ರಭೆಯ ದಂಡೆಯ ಆಶ್ರಮವೊಂದರಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಧ್ಯಾನದ ಜೊತೆಗೆ ರಿಪೇರಿ ಕೆಲಸವನ್ನೂ ಕಲಿಸುತ್ತಿದ್ದರು.

ಅಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರೊಂದು ಪಾಠ ಓದಿ ಹೇಳುತ್ತಿತ್ತು. ಒಂದು ಬೆಳಿಗ್ಗೆ ಅದು ನಿಂತುಹೋಯಿತು. ಗುಂಡಿ ಒತ್ತಿದರೆ ಫ್ಯಾನೂ ತಿರುಗಲಿಲ್ಲ. ಮಕ್ಕಳು ಸುತ್ತ ಕೂತು ಕಾಯತೊಡಗಿದರು.

ಅಜ್ಜಾರು ಅದರ ಪವರ್ ಸಪ್ಲೈ ಡಬ್ಬಿ ಬಿಚ್ಚಿಸಿ ನೋಡಿದರು. ಕರೆಂಟು ಕೂಡಿಡುವ ಒಂದು ಕೆಪಾಸಿಟರ್‌ನ ತಲೆ ಉಬ್ಬಿತ್ತು.

"ಇದ ಕೆಟ್ಟೈತಿ. ಬದಲಿ ಮಾಡು," ಎಂದು ಶಿಷ್ಯೆ ನಿಂಬೆವ್ವನಿಗೆ ಹೇಳಿ ಎದ್ದು ಹೋದರು.

ನಿಂಬೆವ್ವ ಹೊಸದನ್ನು ಹಾಕಿದಳು. ಡಬ್ಬಿಗೆ ಜೀವ ಬರಲಿಲ್ಲ.

ಹಿರಿಯ ಶಿಷ್ಯ ರುದ್ರಮುನಿ ಅಂದ: "ನಿನ್ನ ಬೆಸುಗೆ ಸರಿ ಇಲ್ಲ. ಮತ್ತ ಮಾಡು."

"ಬೆಸುಗೆ ಸರಿ ಐತಿ ಅಣ್ಣಾ. ಅಜ್ಜಾರ ಮಾತ ತಪ್ಪೈತಿ."

ರುದ್ರಮುನಿ ಎದ್ದು ನಿಂತ.

"ಏನಂದಿ? ಹೋಗಿ ಅಜ್ಜಾರ ಪಾದ ಹಿಡಿ, ಕ್ಷಮಾ ಕೇಳು. ಇಲ್ಲಂದ್ರ ನಾಳಿಂದ ಈ ಕೆಲಸಕ್ಕ ಕೈ ಹಚ್ಚಬ್ಯಾಡ."

ನಿಂಬೆವ್ವ ಹೋದಳು. ಬಗ್ಗಿ ಪಾದ ಮುಟ್ಟಿದಳು. ಎದ್ದು ನಿಂತಳು.

"ನಿಮ್ಮ ಮಾತ ತಪ್ಪೈತಿ ಅಂದೆ, ಕ್ಷಮಾ ಕೇಳೂದಿಲ್ರಿ ಅಜ್ಜಾರ. ಡಬ್ಬಿ ನಿಂತದ್ದು ಆ ಕೆಪಾಸಿಟರ್‌ನಿಂದಲ್ಲ."

"ಮತ್ತ ಯಾವುದರಿಂದ?"

"ಗೊತ್ತಿಲ್ರಿ."

"ಗೊತ್ತಿಲ್ಲದಾಕಿ ಇಷ್ಟು ಗಟ್ಟಿ ಹ್ಯಾಂಗ ಮಾತಾಡ್ತಿ?"

"ಹೊಸಾದು ಹಾಕೀನಿ. ಆದ್ರೂ ಚಾಲೂ ಆಗವಲ್ದು. ಇಷ್ಟು ಗೊತ್ತೈತ್ರಿ."

ಅವಳ ಕಣ್ಣು ಕೆಳಗಾಗಲಿಲ್ಲ.

ಅಜ್ಜಾರು ಕರೆಂಟು ಅಳೆಯುವ ತಮ್ಮ ಮೀಟರ್ ತೆಗೆದು ಅವಳ ಕೈಗಿಟ್ಟರು.

ಅವಳು ಡಬ್ಬಿಯ ಬಳಿ ಬಂದು ಪ್ಲಗ್ ಕಿತ್ತಳು. ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿದ್ದ ಕರೆಂಟನ್ನು ಬಲ್ಬಿನ ವೈರು ಹಚ್ಚಿ ಖಾಲಿ ಮಾಡಿದಳು. ಫ್ಯೂಸ್ ನೋಡಿದಳು, ಸರಿ ಇತ್ತು. ಡಯೋಡುಗಳೂ ಸರಿ ಇದ್ದವು.

"ಸೊಕ್ಕು," ಎಂದ ರುದ್ರಮುನಿ ಬಾಗಿಲಲ್ಲಿ ನಿಂತು.

ಅವಳು ತಲೆ ಎತ್ತಲಿಲ್ಲ. ಊಟದ ಗಂಟೆ ಹೊಡೆಯಿತು. ಏಳಲೂ ಇಲ್ಲ.

ಮೂಲೆಯಲ್ಲೊಂದು ಸಣ್ಣ ರೆಸಿಸ್ಟರ್ ಇತ್ತು. ಡಬ್ಬಿ ಶುರುವಾಗಲು ಬೇಕಾದ ಮೊದಲ ಕರೆಂಟು ಅದರ ಮೂಲಕವೇ ಹಾಯಬೇಕು. ಸುಟ್ಟ ಕಲೆಯಿಲ್ಲ, ಬಣ್ಣದ ಪಟ್ಟಿಗಳು ಹೊಸದರಂತಿದ್ದವು. ಅದರ ಒಂದು ಕಾಲು ಬಿಡಿಸಿ ಮೀಟರ್ ಹಚ್ಚಿದಳು.

ಮುಳ್ಳು ಅಲುಗಲಿಲ್ಲ. ರೆಸಿಸ್ಟರ್ ಒಳಗೇ ಕಡಿದುಹೋಗಿತ್ತು.

ಬೇರೆಯದು ಹಾಕಿ ಗುಂಡಿ ಒತ್ತಿದಳು. ಫ್ಯಾನ್ ತಿರುಗಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಪಾಠ ಓದತೊಡಗಿತು. ಮಕ್ಕಳು ಹೋ ಎಂದು ಕೂಗಿದರು.

ಅಜ್ಜಾರು ಬಂದರು. ರುದ್ರಮುನಿ ಕೈ ಮುಗಿದು ಎಲ್ಲರಿಗೂ ಕೇಳುವಂತೆ ಅಂದ: "ನೋಡ್ರಿ, ಅಜ್ಜಾರಿಗೆ ಮೊದಲ ಎಲ್ಲಾ ಗೊತ್ತಿತ್ತು. ಬೇಕಂತ ನಿಂಬೆವ್ವನ ಪರೀಕ್ಷಾ ಮಾಡಿದ್ರು!"

ಎಲ್ಲರೂ ತಲೆಯಾಡಿಸಿದರು.

ನಿಂಬೆವ್ವ ಮಾತ್ರ ಕೇಳಿದಳು: "ಖರೇನ್ರಿ ಅಜ್ಜಾರ?"

"ಇಲ್ಲವ್ವಾ. ನಾ ತಪ್ಪಿದ್ದೆ."

"ಹಂಗನಬ್ಯಾಡ್ರಿ ಅಜ್ಜಾರ," ಎಂದು ರುದ್ರಮುನಿ ಅವರ ಪಾದಕ್ಕೆ ಬಿದ್ದ. "ಮಂದಿ ಏನಂದಾರು?"

ಅಜ್ಜಾರು ಅವನನ್ನು ಎಬ್ಬಿಸಿ ಕೂರಿಸಿದರು.

"ಇವತ್ತಿನ ನನ್ನ ತಪ್ಪಿಗೆ ನೀ ಪರೀಕ್ಷಾ ಅಂತ ಹೆಸರಿಟ್ಟಿ, ರುದ್ರಮುನಿ. ನಾಳೆ ಮತ್ತ ತಪ್ಪಿದ್ರ, ನನಗ ಯಾರು ಹೇಳಬೇಕು?"