ಹವಳಪಟ್ಟಣದ ಇಬ್ಬರು ದಾದಿಯರು

"ಹವಳಪಟ್ಟಣದ ಜನರೆಲ್ಲ ಕೇಳಿರಿ. ರಾಜಕುಮಾರಿ ನೀಲಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಬಂದರಿನ ಅರ್ಧ ಸುಂಕ. ತಪ್ಪಿದವನ ತಲೆ ಅದೇ ಸಂಜೆ ಕತ್ತಿಯ ಪಾಲು. ತಪ್ಪಿದವನ ಮನೆಯವರು ಯಾರಾದರೂ ಬಂದು ಮೂರನ್ನೂ ಬಿಡಿಸಿದರೆ ಅವನಿಗೂ ಬಿಡುಗಡೆ."

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿದ. ಕೊಳ್ಳುವವನಿಗೆ ಅನುಕೂಲದ ಷರತ್ತನ್ನು ಮೆಲ್ಲಗೆ ಹೇಳುವುದು ಎಲ್ಲ ಪೇಟೆಗಳಲ್ಲೂ ಇದ್ದದ್ದೇ.

ನೀಲಾಂಬೆ ಹುಟ್ಟಿದ ದಿನವೇ ರಾಣಿ ತೀರಿಕೊಂಡಿದ್ದಳು. ಮಗುವನ್ನು ಸಾಕಿದವರು ಇಬ್ಬರು ದಾದಿಯರು. ಒಬ್ಬಳು ಮೂಗಾ ರೇಷ್ಮೆಯ ಹಡಗಿನಲ್ಲಿ ಬಂದ ಅಸ್ಸಾಮಿನ ಪದುಮಿ. ಇನ್ನೊಬ್ಬಳು ಡಾಂಬರಿನ ಹಡಗಿನಲ್ಲಿ ಬಂದ ಫಿನ್‌ಲೆಂಡಿನ ಹಿಲ್ಯಾ. ಎರಡೂ ನುಡಿ ಹುಡುಗಿಗೆ ತಾಯ್ನುಡಿಯಾದವು. ನನ್ನ ತಾಯಂದಿರ ಮಾತು ತಿಳಿಯದವನು ನನ್ನನ್ನೇನು ತಿಳಿದಾನು ಎಂಬುದು ಅವಳ ಹಟ.

ಆ ಬೆಳಿಗ್ಗೆ ಸಭೆಗೆ ಬಂದ ವರರು ಇಬ್ಬರು: ಹನ್ನೆರಡು ವರ್ಷ ವ್ಯಾಕರಣ ಓದಿದ ವಿರೂಪಾಕ್ಷ ಪಂಡಿತ, ಬಂದರಿನ ಹಮಾಲಿಗಳ ಮುಖಂಡ ಐತ.

ರಾಜಕುಮಾರಿ ಕೇಳಿದಳು: "ಬಾಗಿಲಿಗೆ ಯಾರಾದರೂ ಬಂದರೆ ಹಿಲ್ಯಾ ಬಂದು ಹೇಳುತ್ತಾಳೆ. ಬಂದದ್ದು ಗಂಡೋ ಹೆಣ್ಣೋ ಅವಳ ಮಾತಿನಿಂದ ನನಗೆ ಎಂದೂ ತಿಳಿಯುವುದಿಲ್ಲ. ಪದುಮಿ ಹೇಳಿದರೆ ತಿಳಿಯುತ್ತದೆ. ಆದರೆ ಒಂದು ದಿನ ಪದುಮಿ ಹೇಳಿದಾಗಲೂ ತಿಳಿಯಲಿಲ್ಲ. ಅಂದು ಬಂದವರು ಎಂಥವರು?"

"ಎಳೆಯ ಮಗು," ಎಂದ ಪಂಡಿತ. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವನ ಕೈಗೆ ಬೇಡಿ ಹಾಕಿದರು.

"ಗಂಡುವೇಷ ಹಾಕಿದ ಹೆಂಗಸು. ಇದಕ್ಕೆಲ್ಲ ಓದು ಬೇಕಾ?" ಎಂದ ಐತ. ಅವನಿಗೂ ಬೇಡಿ ಬಿತ್ತು.

ಆಗ ಜನರ ನಡುವಿನಿಂದ ಒಬ್ಬ ಹಮಾಲಿ ಹೆಗಲ ಮೇಲಿನ ಗೋಣಿಚೀಲ ಮಡಿಸಿಟ್ಟು ಮುಂದೆ ಬಂದ. "ನಾನು ದೂಮ. ಐತನ ತಮ್ಮ. ನಾನೊಮ್ಮೆ ನೋಡ್ತೇನೆ."

"ಬೇಡ ಮಾರಾಯ," ಎಂದ ಐತ. "ಅಮ್ಮನಿಗೆ ಒಬ್ಬನಾದರೂ ಉಳಿಯಲಿ."

ದೂಮ ಅಣ್ಣನ ಕಡೆ ನೋಡಲಿಲ್ಲ. "ರಾಜಕುಮಾರಿಯವರೇ, ಬಂದವರು ಪದುಮಿಯಮ್ಮ ಕೈ ಮುಗಿಯುವಂಥವರು. ಸಲುಗೆಯವರಾದರೆ ಅವರ ಮಾತಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗೌರವ ಬಂತೋ, ಆ ಭೇದ ಹೋಯ್ತು. ನಾವು 'ಅವರು ಬಂದರು' ಅಂದ ಹಾಗೆ. ರೇಷ್ಮೆ ಹಡಗಿನಲ್ಲಿ ಒಡೆಯರ ಬಗ್ಗೆ ಹೇಳಿದ್ದೋ ಅವರ ಹೆಂಡತಿಯ ಬಗ್ಗೆಯೋ ತಿಳಿಯದೆ ಎರಡು ಸಲ ತಪ್ಪು ಬಾಗಿಲಲ್ಲಿ ಮೂಟೆ ಇಳಿಸಿ ಬೈಸಿಕೊಂಡಿದ್ದೇನೆ. ಹಿಲ್ಯಾ ಅಮ್ಮನ ಕಡೆಯವರಿಗೆ ಆ ತಾಪತ್ರಯವೇ ಇಲ್ಲ. ದೊರೆಯಾಗಲಿ ಹಮಾಲಿಯಾಗಲಿ, ಗಂಡಿಗೂ ಹೆಣ್ಣಿಗೂ ಒಂದೇ."

"ಅಂದು ಬಂದವರು ನನ್ನ ಅಜ್ಜಿ," ಎಂದಳು ನೀಲಾಂಬೆ.

ಅವಳು ಬಟ್ಟೆ ಮುಚ್ಚಿದ ಹರಿವಾಣವೊಂದನ್ನು ಕಲ್ಲಿನ ಕಟ್ಟೆಯ ಮೇಲಿಟ್ಟಳು. ದಾದಿಯರು ಇಬ್ಬರೂ ಬಟ್ಟೆಯ ಅಂಚೆತ್ತಿ ಇಣುಕಿದರು. "ಕೋಲ್ಮೆ," ಎಂದಳು ಹಿಲ್ಯಾ. "ತಿನಿಖನ್," ಎಂದಳು ಪದುಮಿ.

"ಒಬ್ಬಳು ಲೆಕ್ಕ ಹೇಳಿದಳು. ಇನ್ನೊಬ್ಬಳು ಲೆಕ್ಕ ಹೇಳುತ್ತಲೇ ಅರ್ಧ ಬಟ್ಟೆ ಸರಿಸಿದಳು. ಉಳಿದರ್ಧ ನೀನು ಸರಿಸು. ಒಳಗೇನಿದೆ?" ಎಂದಳು ರಾಜಕುಮಾರಿ.

"ತೆಂಗಿನಕಾಯಿ ಅನ್ನು," ಎಂದು ಐತ ಪಿಸುಗುಟ್ಟಿದ.

"ಸುಮ್ಮನಿರು ಅಣ್ಣ." ದೂಮ ಯೋಚಿಸಿ ಹೇಳಿದ: "ಮೂರು ಅಂತ ಇಬ್ಬರೂ ಅಂದರು. ಹಿಲ್ಯಾ ಅಮ್ಮನ ಮೂರು ಬರಿಯ ಮೂರು. ಪದುಮಿಯಮ್ಮನ ಮೂರಕ್ಕೆ 'ಖನ್' ಅಂತ ಬಾಲ ಇದೆ. ಅವರು ಉದ್ದದ್ದಕ್ಕೆ ಒಂದು ಬಾಲ, ಮನುಷ್ಯರಿಗೆ ಒಂದು ಬಾಲ ಕಟ್ಟಿಯೇ ಎಣಿಸೋದು. ಇದು ಅಗಲಕ್ಕೆ ಹರಡುವಂಥದ್ದು. ಎಲೆಯಾದರೆ 'ಖಿಲಾ' ಅಂತಿದ್ದರು. ಕನ್ನಡಿಯಾದರೆ ಹರಿವಾಣ ಇಟ್ಟಾಗ ಸದ್ದಾಗ್ತಿತ್ತು. ಒಳಗಿರೋದು ಮಡಿಸಿದ ಮೂರು ವಸ್ತ್ರ."

ಬಟ್ಟೆ ತೆಗೆದರು. ಕೆಂಪಂಚಿನ ಮೂರು ಬಿಳಿ ಗಮೋಸಾ ವಸ್ತ್ರಗಳು ಇದ್ದವು. ಪದುಮಿ ತಾನೇ ನೇಯ್ದವು. ಇಪ್ಪತ್ತು ವರ್ಷ ಅವಳು ಬಟ್ಟೆ ಎಣಿಸುವುದನ್ನು ಕೇಳಿದ್ದ ಅರಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀಲಾಂಬೆ ದನಿ ತಗ್ಗಿಸಿದಳು. "ಲೋಕದ ಮಾತೆಲ್ಲ ಉಸಿರು ಹೊರಗೆ ಹೋಗುವಾಗ ಹುಟ್ಟುತ್ತದೆ. ಉಸಿರು ಒಳಗೆ ಬರುವಾಗ ಹುಟ್ಟುವ ಮಾತೊಂದನ್ನು ನಾನು ತೊಟ್ಟಿಲಿನಿಂದ ಕೇಳಿದ್ದೇನೆ. ಅದು ಯಾವುದು?"

"ಅಂಥದ್ದು ಯಾವ ಶಾಸ್ತ್ರದಲ್ಲೂ ಇಲ್ಲ," ಎಂದ ಪಂಡಿತ ಬೇಡಿಯಲ್ಲೇ. "ಅದು ಮಾತಲ್ಲ, ಬಿಕ್ಕಳಿಕೆ."

ಬಾಯಿಗೆ ಬಂದದ್ದು ತಪ್ಪಾದರೆ ಸಂಜೆಗೆ ಅಮ್ಮನಿಗೆ ಇಬ್ಬರೂ ಇಲ್ಲ. ದೂಮ ಹಿಲ್ಯಾಳನ್ನೇ ನೋಡುತ್ತ ನಿಂತ. ಅವಳು ರೆಪ್ಪೆ ಮಿಟುಕಿಸಲಿಲ್ಲ.

"ಡಾಂಬರಿನ ಹಡಗಿನಲ್ಲಿ ಅಡುಗೆಯ ಒಬ್ಬ ಅಮ್ಮ ಇದ್ದರು," ಎಂದು ಮೆಲ್ಲಗೆ ಶುರುಮಾಡಿದ. "ಇನ್ನೊಂದು ಪೀಪಾಯಿ ಇದೆಯಾ ಅಂತ ಕೇಳಿದೆ. ಅವರು ಗಕ್ಕನೆ ಉಸಿರೆಳೆದರು. ಎದೆನೋವು ಬಂತು ಅಂದುಕೊಂಡು ನಾನು ನೀರಿಗೆ ಓಡಿದೆ. ಹಡಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವರು ಹೇಳಿದ್ದು 'ಯೋ' ಅಂತ. ಉಸಿರು ಒಳಗೆಳೆದುಕೊಂಡೇ ಹೇಳಿದ್ದು. ರಾಜಕುಮಾರಿಯವರೇ, ಆ ಮಾತು 'ಹೌದು'."

ನೀಲಾಂಬೆ ಎದ್ದು ನಿಂತಳು. "ಪದುಮಿ ತನ್ನ ನಾಡಿನ ಹೆಸರು ಹೇಳುವಾಗಲೂ ನಾವು 'ಸ್ಸ' ಅನ್ನುವಲ್ಲಿ ಗಂಟಲಿನಿಂದ ಉಸಿರು ತೀಡಿಕೊಂಡು ಹೊರಗೆ ಬರುತ್ತದೆ. ಹಿಲ್ಯಾಳ ಒಪ್ಪಿಗೆ ಉಸಿರಿನ ಜೊತೆ ಅವಳೊಳಗೇ ಹೋಗುತ್ತದೆ. ಈ ಎರಡು ಉಸಿರಿನ ನಡುವೆ ನಾನು ಬೆಳೆದೆ."

ಮುದಿ ಮಂತ್ರಿ ಮೆಲ್ಲಗೆ ಉಸಿರೆಳೆದು 'ಹೌದು' ಎಂದು ನೋಡಿದ. ಪಕ್ಕದವನೂ ಹಾಗೆಯೇ ಅಂದು ನೋಡಿದ. ಕೊನೆಗೆ ದೊರೆಯೂ ಪ್ರಯತ್ನಿಸಿ ಕೆಮ್ಮಿದ. ದಿನಾ ಕಿವಿಯ ಪಕ್ಕದಲ್ಲೇ ಇದ್ದ ಸಮುದ್ರವನ್ನು ಆಗಷ್ಟೇ ಕಂಡವರಂತೆ ಅವರೆಲ್ಲ ಆ ಇಬ್ಬರು ಹೆಂಗಸರನ್ನು ನೋಡಿದರು.

ಐತನ ಬೇಡಿ ಕಳಚಿತು. ಸುಂಕದ ಅರ್ಧ ಬೇಡ ಎಂದು ದೂಮ ಹೇಳಲಿಲ್ಲ. ಅಷ್ಟು ದಡ್ಡನಲ್ಲ. ಅದರಲ್ಲಿ ಒಂದು ವರ್ಷದ್ದನ್ನು ಬಿಟ್ಟುಕೊಟ್ಟು ಪಂಡಿತನ ತಲೆ ಉಳಿಸಿದ. ಮದುವೆಯ ಮಾತು ಬಂದಾಗ ದಾದಿಯರಿಬ್ಬರನ್ನೂ ಕೇಳಿಯೇ ದಿನ ಗೊತ್ತುಮಾಡಿದರು.

ಅರಮನೆಯ ಮೆಟ್ಟಿಲಿಳಿಯುವಾಗ ಐತ ಮಣಿಕಟ್ಟು ತಿಕ್ಕಿಕೊಳ್ಳುತ್ತ ಕೇಳಿದ: "ಅದೇ ಹಡಗು, ಅದೇ ಮೂಟೆ. ನಿನಗಿಂತ ಆರು ವರ್ಷ ಹೆಚ್ಚು ಹೊತ್ತಿದ್ದೇನೆ. ಇದೆಲ್ಲ ನನ್ನ ಕಿವಿಗೆ ಯಾಕೆ ಬೀಳಲಿಲ್ಲ?"

"ನೀನು ಯಾವಾಗಲೂ ಮಾತಾಡ್ತಿದ್ದೆ ಅಣ್ಣ," ಎಂದ ದೂಮ.