ಇಲ್ಲದ ಹುಳಿ

ಕಾವೇರಿಯ ದಂಡೆಯ ಮೇಲೆ ಇನ್ನಾಸಪ್ಪನವರ ಮನೆ. ಕಲ್ಲಿನ ಗೋಡೆ, ತಗ್ಗು ಬಾಗಿಲು, ಒಳಗೆ ಒಂದು ಉದ್ದನೆಯ ಮೇಜು, ಮೇಜಿನ ತುಂಬ ಗಾಜಿನ ಲೋಟಗಳು.

ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಕೆಂಪು ವೈನನ್ನು ನುಂಗದೆ, ಬಾಯಲ್ಲಿ ಹೊರಳಿಸಿ ಉಗುಳಿ ರುಚಿ ನೋಡುವುದು, ನೋಡಿದ್ದನ್ನು ಇದ್ದ ಹಾಗೆ ಹೇಳುವುದು.

ಆ ಸೀಮೆಯಲ್ಲಿ ದ್ರಾಕ್ಷಿ ಬೆಳೆದು, ಮನೆಮಂದಿಯೇ ಹಿಂಡಿ, ತಮ್ಮದೇ ಪೀಪಾಯಿಗಳಲ್ಲಿ ವೈನು ಮಾಡುವ ಕುಟುಂಬಗಳು ಏಳೆಂಟು ಇದ್ದವು. ಪೀಪಾಯಿ ತೆರೆಯುವ ಕಾಲ ಬಂದರೆ ಇನ್ನಾಸಪ್ಪನವರಿಗೆ ಹೇಳಿಕಳಿಸುತ್ತಿದ್ದರು. ಅವರು ಆಗಿದೆ ಎಂದರೆ ಬಾಟಲಿಗೆ ತುಂಬುವುದು, ಇನ್ನೊಂದು ವರ್ಷ ಎಂದರೆ ಮತ್ತೆ ಬಿರಡೆ ಬಡಿಯುವುದು. ಯಾರೂ ಎದುರು ಮಾತಾಡಿದ್ದಿಲ್ಲ.

ಕೃಪಾಕರ ಅವರ ಶಿಷ್ಯ. ಆರು ವರ್ಷ ಅವರ ಹಿಂದೆ ಹಿಂದೆ ಆ ಮನೆಗಳಿಗೆಲ್ಲ ಹೋಗಿಬಂದಿದ್ದ. ಗುರುಗಳ ನಂತರ ಹೋಗುವವನು ತಾನೇ ಎಂದು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ದಿನಾ ಹೇಳಿಕೊಳ್ಳುತ್ತಿದ್ದ.

ಏಳನೆಯ ವರ್ಷ ಕೆಂಪಾಜಮ್ಮ ಬಂದಳು.

ಅವಳಿಗೆ ನಲವತ್ತರ ಮೇಲಾಗಿತ್ತು. ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸುಗಂಧ ಬೆರೆಸುವ ಕೋಣೆಯಲ್ಲಿದ್ದಳು. ಕಾರ್ಖಾನೆ ಮುಚ್ಚಿತು. ಅಲ್ಲಿಯವರೊಬ್ಬರು, ಇಂಥ ಮೂಗಿಗೆ ಕೆಲಸ ಕೊಡುವವರು ನದಿಯ ಆಚೆ ಒಬ್ಬರಿದ್ದಾರೆ ಎಂದಿದ್ದರಂತೆ.

ಇನ್ನಾಸಪ್ಪನವರು ಒಂದು ಲೋಟ ಮುಂದಿಟ್ಟರು.

"ಏನಿದೆ?"

ಕೆಂಪಾಜಮ್ಮ ಮೂಸಿದಳು. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡಳು. ಆಮೇಲೆ ಸಂಕೋಚದಿಂದ ಹೇಳಿದಳು.

"ಹುರಿದ ಕೊತ್ತಂಬರಿ ಬೀಜ. ನೆನೆಹಾಕಿದ ಒಣದ್ರಾಕ್ಷಿ. ಕೊನೇಲಿ... ಬೈಬ್ಯಾಡಿ ಬುದ್ಧಿ, ಹೊಸ ಚಪ್ಪಲಿ."

ಇನ್ನಾಸಪ್ಪನವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹೊಸ ಚಪ್ಪಲಿ! ಅದೇ, ಅದೇ!"

ಕೃಪಾಕರ ಬಾಗಿಲ ಬಳಿ ನಿಂತಿದ್ದ. ಆ ನಗು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿಕೊಂಡು ಅಲ್ಲೇ ಉಳಿಯಿತು.

ಅಂದಿನಿಂದ ಅವನಿಗೆ ಬೇರೇನೂ ಕಾಣಲಿಲ್ಲ. ಗುರುಗಳು ಮೊದಲು ಯಾರ ಲೋಟಕ್ಕೆ ಸುರಿದರು, ಯಾರ ಮಾತಿಗೆ ತಲೆದೂಗಿದರು, ಯಾರನ್ನು ಎರಡನೆಯ ಸಲ ಕೇಳಿದರು ಎಂಬುದೇ ಕಂಡಿತು. ಒಂದು ದಿನ ಕದ್ದು ಕೊತ್ತಂಬರಿ ಬೀಜ ಹುರಿದ. ಅಂಗೈಯಲ್ಲಿಟ್ಟು ಮೂಸಿದ, ಅದೇ ವೈನನ್ನು ಮೂಸಿದ. ಮತ್ತೆ ಬೀಜ, ಮತ್ತೆ ವೈನು. ಅವಳಿಗೆ ಸಿಕ್ಕಿದ್ದು ಅವನಿಗೆ ಸಿಗಲಿಲ್ಲ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಗುರುಗಳೇ, ನಾನು ಬಂದು ಆರು ವರ್ಷವಾಯಿತು. ನನ್ನ ಮಾತಿಗೆ ನೀವು ಒಮ್ಮೆಯೂ ನಕ್ಕಿಲ್ಲ."

"ನಗುವಂಥದ್ದು ನೀನೇನು ಹೇಳಿದೆ?"

"ಸರಿಯಾದದ್ದನ್ನೇ ಹೇಳಿದ್ದೇನೆ."

"ಹೌದು," ಎಂದರು ಇನ್ನಾಸಪ್ಪನವರು. "ನಾನು ಹೇಳಿದ್ದನ್ನೇ ಹೇಳಿದ್ದೀಯ."

ಕೃಪಾಕರನಿಗೆ ಅದು ಪಾಠದಂತೆ ಕೇಳಲಿಲ್ಲ. ಅವಳ ಪರ ಆಡಿದ ಮಾತಿನಂತೆ ಕೇಳಿತು.

ಆ ಮಾಘದಲ್ಲಿ ಗುರುಗಳಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದರು. ಜ್ವರ ಬಿಟ್ಟಿತು, ಆದರೆ ಮೂಗು ಸತ್ತುಹೋಗಿತ್ತು. ಕಾಫಿಯೂ ಒಂದೇ, ಬಿಸಿನೀರೂ ಒಂದೇ.

ಅದೇ ಹೊತ್ತಿಗೆ ಹೊಳೆಯಾಚೆಯಿಂದ ಮರೀಗೌಡ ಹೇಳಿಕಳಿಸಿದ. ಅವನೂ ಅವನ ಹೆಂಡತಿ ದ್ಯಾವೀರಮ್ಮನೂ ಕಲ್ಲುಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ಹಾಕಿದ್ದರು. ಅಲ್ಲಿ ಏನೂ ಬೆಳೆಯುವುದಿಲ್ಲ ಎಂದು ಊರೆಲ್ಲ ಹೇಳಿತ್ತು. ಐದು ವರ್ಷ ಕೊಡದಲ್ಲಿ ನೀರು ಹೊತ್ತಿದ್ದರು. ಆ ಬಳ್ಳಿಗಳ ಮೊದಲ ವೈನು ಈಗ ಒಂದೇ ಒಂದು ಪೀಪಾಯಿಯಲ್ಲಿ ಕಾಯುತ್ತಿತ್ತು.

ಇನ್ನಾಸಪ್ಪನವರು ಇಬ್ಬರನ್ನೂ ಕರೆದರು.

"ಇಬ್ಬರೂ ಹೋಗಿ. ನಿಮ್ಮ ನಾಲಗೆಯೇ ನನ್ನ ನಾಲಗೆ."

ಹರಿಗೋಲಿನಲ್ಲಿ ಹೊಳೆ ದಾಟಿದರು. ದಾರಿಯುದ್ದಕ್ಕೂ ಕೃಪಾಕರನಿಗೆ ಒಂದೇ ಯೋಚನೆ. ಇಬ್ಬರೂ ಹೋಗಿ ಎಂದರಲ್ಲ, ಅದನ್ನೇ ಅಗಿಯುತ್ತಿದ್ದ. ಒಬ್ಬನೇ ಹೋಗು ಎನ್ನಬಹುದಿತ್ತು.

ಮರೀಗೌಡ ಬಿರಡೆ ತೆಗೆದು ಎರಡು ಲೋಟ ತುಂಬಿದ. ದ್ಯಾವೀರಮ್ಮ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತಳು. ಕೈ ಒಣಗಿಯೇ ಇತ್ತು, ಆದರೂ ಒರೆಸುತ್ತಿದ್ದಳು.

ಕೃಪಾಕರ ಬಾಯಿಗೆ ಹಾಕಿಕೊಂಡ. ವೈನು ಚೆನ್ನಾಗಿತ್ತು. ಬಿಸಿಲಿಗೆ ಕಾದ ಕಲ್ಲಿನಂತೆ ಗಟ್ಟಿಯಾಗಿತ್ತು, ಉಗುಳಿದ ಮೇಲೂ ಬಿಟ್ಟುಹೋಗದೆ ನಿಂತಿತು. ಆರು ವರ್ಷದಲ್ಲಿ ಆ ಸೀಮೆಯಲ್ಲಿ ಅಂಥದ್ದನ್ನು ಅವನು ಕುಡಿದಿರಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಕೆಂಪಾಜಮ್ಮ ಹೇಳಿಬಿಟ್ಟಳು.

"ಅವ್ವಾ, ಇದು ಬಲು ಚೆಂದಾಗದೆ! ನೇರಳೆಹಣ್ಣು ತಿಂದು ನಾಲಗೆ ನೀಲಿ ಆಯ್ತದಲ್ಲ, ಅಂಗೆ. ಅದರ ಹಿಂದೆ ಕಾಳುಮೆಣಸು."

ದ್ಯಾವೀರಮ್ಮನ ಮುಖ ಅರಳಿತು. ಅವಳು ಕೆಂಪಾಜಮ್ಮನ ಎರಡೂ ಕೈ ಹಿಡಿದುಕೊಂಡಳು.

ಕೃಪಾಕರ ಆ ಕೈಗಳನ್ನು ನೋಡಿದ. ದ್ಯಾವೀರಮ್ಮ ಹಾಗೆ ಹಿಡಿಯಬೇಕಿದ್ದದ್ದು ತನ್ನ ಕೈಗಳನ್ನು ಎನ್ನಿಸಿತು. ಎನ್ನಿಸಿದ್ದೇ ತಡ, ಮಾತು ಹೊರಬಿತ್ತು.

"ಹುಳಿಗೆ ತಿರುಗಿದೆ."

ಎಲ್ಲರೂ ಅವನ ಕಡೆ ತಿರುಗಿದರು.

"ಈಗಿನ್ನೂ ಶುರು," ಎಂದ. ಅವನ ದನಿ ಅವನಿಗೇ ಗುರುಗಳ ದನಿಯಂತೆ ಕೇಳಿತು. "ಹೊಸಬರಿಗೆ ಗೊತ್ತಾಗುವುದಿಲ್ಲ. ಬಾಟಲಿಗೆ ತುಂಬಿದರೆ ಎರಡು ತಿಂಗಳಲ್ಲಿ ಪೂರ್ತಿ ಕೆಡುತ್ತದೆ."

ಮರೀಗೌಡ ಪೀಪಾಯಿಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ಇನ್ನೇನು ದಾರಿ?"

"ವಿನೆಗರ್ ಮಾಡಿ. ಪೂರ್ತಿ ಹಾಳಾಗುವುದಕ್ಕಿಂತ ಮೇಲು."

"ಇನ್ನಾಸಪ್ನೋರು ಬಂದಿದ್ರೂ ಇದನ್ನೇ ಅಂತಿದ್ರಾ?" ದ್ಯಾವೀರಮ್ಮ ಕೇಳಿದಳು.

"ಇದನ್ನೇ."

"ಅಂಗಾದ್ರೆ ಆಯ್ತು ಬುಡಿ," ಎಂದಳು. ಮತ್ತೆ ಕೈ ಒರೆಸಿಕೊಂಡಳು. "ನಾಳೆ ಬೆಳಿಗ್ಗೆ ತೊಟ್ಟಿಗೆ ಹಾಕ್ತೀವಿ."

ಕೆಂಪಾಜಮ್ಮ ಜಗಳವಾಡುತ್ತಾಳೆ ಎಂದು ಕೃಪಾಕರ ಕಾದ. ಅವಳು ಆಡಲಿಲ್ಲ. ಒಂದು ಸಣ್ಣ ಬಾಟಲಿಯಲ್ಲಿ ಆ ವೈನನ್ನು ಕೇಳಿ ಹಾಕಿಸಿಕೊಂಡಳು. ಹರಿಗೋಲಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು.

"ಅಣ್ಣಾ, ನಿಮಗೆ ತಿಳಿದದ್ದು ನನಗ್ಯಾಕೆ ತಿಳೀಲಿಲ್ಲ?"

"ಆರು ವರ್ಷ ಬೇಕು."

"ಅಲ್ಲೀಗಂಟ ತಡೆಯಕ್ಕಾಗಲ್ಲ. ನಾನು ಆಡಿದ ಒಂದು ಮಾತಿಂದ ಆ ತಾಯಿ ಸುಳ್ಳು ಸಂತೋಷ ಪಟ್ಟಳಲ್ಲ! ಒಸಿ ತೋರಿಸಿಕೊಡಿ, ಆ ಹುಳಿ ಎಲ್ಲದೆ ಅಂತ."

ಕೃಪಾಕರ ನೀರಿನ ಕಡೆ ನೋಡುತ್ತಾ ಕೂತ. "ನಾಲಗೆಯ ಎರಡು ಬದಿಗಳಲ್ಲಿ," ಎಂದ.

ಮನೆಗೆ ಬಂದವಳು ಜಗಲಿಯ ಮೇಲೆ ಆ ಬಾಟಲಿ ಇಟ್ಟುಕೊಂಡು ಕೂತಳು. ಮೂಸಿದಳು, ಗುಟುಕರಿಸಿದಳು, ನೀರು ಕುಡಿದಳು, ಮತ್ತೆ ಮೂಸಿದಳು. ಮಧ್ಯಾಹ್ನದ ಊಟಕ್ಕೆ ಕರೆದರೆ ಬರಲಿಲ್ಲ. ಕೃಪಾಕರ ಕಿಟಕಿಯಿಂದ ನೋಡುತ್ತಿದ್ದ. ಮೊದಮೊದಲು ಅವನಿಗೆ ಹಿತವಾಗಿಯೇ ಇತ್ತು.

ಹೊತ್ತು ಇಳಿಯುವಾಗ ಅವಳು ಎದ್ದು ಬಂದಳು. ಕಣ್ಣು ಕೆಂಪಾಗಿತ್ತು.

"ಸಿಕ್ತು ಅಣ್ಣಾ. ನೀವು ಅಂದದ್ದು ದಿಟ. ಎರಡು ಬದೀಲೂ ಹುಳಿ ಅದೆ."

ಇಲ್ಲದ ಹುಳಿ ಅವಳಿಗೆ ಸಿಕ್ಕಿತ್ತು.

ಅವನು ಮೇಜಿನ ಮೇಲಿದ್ದ ಇನ್ನೊಂದು ವೈನನ್ನು ಸುರಿದು ಕೊಟ್ಟ. ಅವಳೇ ಮೊದಲ ದಿನ ಹೊಸ ಚಪ್ಪಲಿ ಎಂದಿದ್ದ ವೈನು ಅದು.

"ಇದರಲ್ಲಿ?"

ಅವಳು ಗುಟುಕರಿಸಿದಳು. ಲೋಟ ಮೆಲ್ಲಗೆ ಕೆಳಗಿಟ್ಟಳು.

"ಇದರಲ್ಲೂ ಹುಳಿನೇ," ಎಂದಳು. "ಎಲ್ಲದರಲ್ಲೂ ಅದೇ ಬತ್ತಾ ಅದೆ. ಇಷ್ಟು ದಿನ ನನಗೆ ಮೂಗು ಅದೆ ಅಂದ್ಕಂಡಿದ್ದೆ."

ಹೀಗೆ ಆಗಲಿ ಎಂದು ಅವನು ಎಷ್ಟು ಸಲ ಬಯಸಿರಲಿಲ್ಲ! ಈಗ ಆಗಿತ್ತು. ಅವಳ ಮೂಗು ಅವನಿಗೆ ಬರಲಿಲ್ಲ, ಅವಳಿಂದ ಮಾತ್ರ ಹೋಯಿತು.

ನೇರ ಗುರುಗಳ ಬಳಿಗೆ ಹೋದ. ಅವರು ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಅವನು ನಿಂತೇ ಎಲ್ಲ ಹೇಳಿದ. ವೈನು ಚೆನ್ನಾಗಿತ್ತು, ನಾನು ಸುಳ್ಳು ಹೇಳಿದೆ, ಅವಳು ನಂಬಿಬಿಟ್ಟಳು, ಅವರೂ ನಂಬಿದರು.

ಇನ್ನಾಸಪ್ಪನವರು ಅವನ ಮುಖ ನೋಡಲಿಲ್ಲ.

"ನನಗೆ ಯಾಕೆ ಹೇಳುತ್ತೀಯ? ನಾನು ಆ ವೈನು ಕುಡಿದವನೂ ಅಲ್ಲ, ಮಾಡಿದವನೂ ಅಲ್ಲ."

ಬೆಳಕು ಹರಿಯುವಾಗಲೇ ಕೃಪಾಕರ ಕೆಂಪಾಜಮ್ಮನನ್ನು ಕರೆದುಕೊಂಡು ಹೊಳೆ ದಾಟಿದ. ಯಾಕೆಂದು ಅವಳಿಗೆ ಹೇಳಲಿಲ್ಲ.

ಗಂಡಹೆಂಡಿರು ಅವನಿಗಿಂತ ಮೊದಲೇ ಎದ್ದಿದ್ದರು. ಬಿಂದಿಗೆಯಲ್ಲಿ ಹಿಡಿದು ಹಿಡಿದು ವಿನೆಗರ್ ತೊಟ್ಟಿಗೆ ಸುರಿಯುತ್ತಿದ್ದರು. ಅರ್ಧ ಪೀಪಾಯಿ ಖಾಲಿಯಾಗಿತ್ತು.

"ನಿಲ್ಲಿಸಿ!" ಕೃಪಾಕರ ಕೂಗಿದ. "ಅದು ಕೆಟ್ಟಿಲ್ಲ. ನಾನು ಸುಳ್ಳು ಹೇಳಿದೆ."

ಮರೀಗೌಡನ ಕೈಯಲ್ಲಿ ಬಿಂದಿಗೆ ಹಾಗೆಯೇ ನಿಂತಿತು.

"ಯಾಕೆ?"

"ಇವಳ ಮೇಲಿನ ಹೊಟ್ಟೆಕಿಚ್ಚಿಗೆ."

ದ್ಯಾವೀರಮ್ಮ ತೊಟ್ಟಿಯೊಳಗೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಐದು ವರ್ಷ ನೀರು ಹೊತ್ತಿವ್ನಿ ಕಣಪ್ಪಾ," ಎಂದಳು. "ನಿಮ್ಮಿಬ್ಬರ ನಡುವಿನದಕ್ಕೆ ನಮ್ಮದೇ ಬೇಕಾಗಿತ್ತಾ?"

ಉಳಿದ ಅರ್ಧಕ್ಕೆ ಮರೀಗೌಡ ಬಿರಡೆ ಬಡಿದ. ದ್ಯಾವೀರಮ್ಮ ಕೆಂಪಾಜಮ್ಮನಿಗೆ ಮಜ್ಜಿಗೆ ಕೊಟ್ಟಳು. ಅವನಿಗೆ ಕೊಡಲಿಲ್ಲ.

ಹರಿಗೋಲಿನಲ್ಲಿ ಕೆಂಪಾಜಮ್ಮ ಅವನಿಗೆ ಬೆನ್ನು ಮಾಡಿ ಕೂತಳು. ದಡ ಮುಟ್ಟುವ ಮುನ್ನ ಒಂದೇ ಮಾತು ಆಡಿದಳು.

"ಆ ಹುಳಿ ಇನ್ನೂ ನನ್ನ ಬಾಯಲ್ಲೇ ಅದೆ."

ಕೃಪಾಕರ ಗುರುಗಳ ಮುಂದೆ ತನ್ನ ಬಟ್ಟೆಯ ಗಂಟು ಹಿಡಿದು ನಿಂತ.

"ನಾನು ಹೋಗುತ್ತೇನೆ."

"ಅವಳ ಬಾಯಲ್ಲಿ ಹುಳಿ ಇಟ್ಟವನು ಯಾರು?"

"ನಾನು."

"ಹಾಗಾದರೆ ಅದನ್ನು ಯಾರು ತೆಗೆಯಬೇಕು?"

ಅವನು ಗಂಟು ಕೆಳಗಿಟ್ಟ.

ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಮೇಜಿನ ಎರಡು ಕಡೆ ಕೂತರು. ಮೊದಲು ಅವನು ರುಚಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸಿಗದಿದ್ದರೆ ಸಿಗಲಿಲ್ಲ ಎನ್ನಬೇಕು. ಆಮೇಲೆ ಅವಳು. ಮೊದಲ ವಾರ ಅವಳು ಲೋಟ ಮುಟ್ಟಲೇ ಇಲ್ಲ. ಎರಡನೆಯ ವಾರ ಮೂಸಿ ಇಟ್ಟಳು. ಅವನು ಕಾದ. 'ನನಗೆ ಸಿಗಲಿಲ್ಲ' ಎಂಬ ಮಾತನ್ನು ಆರು ವರ್ಷದಲ್ಲಿ ಒಮ್ಮೆಯೂ ಆಡದವನು ಆ ತಿಂಗಳಲ್ಲಿ ಎಷ್ಟೋ ಸಲ ಆಡಿದ.

ನಲವತ್ತನೆಯ ದಿನವೋ ಏನೋ, ಅವನು ಒಂದು ವೈನಿನ ರುಚಿ ನೋಡಿ, "ದಾಳಿಂಬೆ ಸಿಪ್ಪೆ," ಎಂದ.

ಕೆಂಪಾಜಮ್ಮ ಗುಟುಕರಿಸಿ ತಲೆಯೆತ್ತಿದಳು.

"ಅಲ್ಲ. ನೀವು ತಪ್ಪು. ಇದು ಒಣಗಿದ ಗುಲಾಬಿ ದಳ. ಇದರಲ್ಲಿ ಹುಳಿ ಗಿಳಿ ಏನೂ ಇಲ್ಲ."

ಅವನು ಮತ್ತೆ ಗುಟುಕರಿಸಿದ. ಗುಲಾಬಿ ದಳವೇ. ಅವಳ ಮಾತು ಸರಿಯಾಗಿತ್ತು.

ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಅವನಿಗೆ ಸಂತೋಷವಾಯಿತು. ಸಂತೋಷದ ಬೆನ್ನಿಗೇ ಎದೆಯಲ್ಲಿ ಆ ಹಳೆಯ ಉರಿಯೂ ಎದ್ದಿತು.

ಹೆದರಿ ಗುರುಗಳ ಬಳಿಗೆ ಹೋದ. ಅವರು ನದಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

"ಗುರುಗಳೇ, ಅವಳಿಗೆ ಮೂಗು ಬಂತು. ನನ್ನ ಹೊಟ್ಟೆಕಿಚ್ಚು ಮಾತ್ರ ಹೋಗಿಲ್ಲ."

"ಹೋಗಲಿ ಅಂತ ಯಾರು ಹೇಳಿದರು? ಅದರ ರುಚಿ ಹೇಗಿದೆ, ಹೇಳು."

ಕೃಪಾಕರ ಕಣ್ಣು ಮುಚ್ಚಿದ. ಆತುರಪಡಲಿಲ್ಲ.

"ಮೊದಲು ಸಿಹಿಯಾಗಿರುತ್ತದೆ," ಎಂದ. "ನ್ಯಾಯ ನನ್ನ ಕಡೆಗೇ ಇದೆ ಅನ್ನುವ ಹಾಗೆ. ನಡುವೆ ಕಿಲುಬು ಹಿಡಿದ ತಾಮ್ರ. ಕೊನೆಯಲ್ಲಿ ಬರೀ ಬಾಯಾರಿಕೆ. ಎಷ್ಟು ಕುಡಿದರೂ ಇಂಗುವುದಿಲ್ಲ."

ಇನ್ನಾಸಪ್ಪನವರು ಮೆಲ್ಲಗೆ ತಲೆದೂಗಿದರು.

"ರುಚಿ ತಿಳಿಯಿತಲ್ಲ," ಎಂದರು. "ಇನ್ನು ನುಂಗಬೇಡ."